ಹಿತ್ತಲಿನ ಪಿಚ್ಚು

ಮೊಮ್ಮಗ ನಮ್ಮ ಮನೆಯಲ್ಲೇ ಉಳಿಯಲಿ ಎಂಬ ಒಂದೇ ಆಸೆಗೆ ನಾನು ಹಿತ್ತಲು ಅಗೆದೆ. ಬೇಲಿಯಾಚೆ ಹೋಗುವವರು ನಿಂತು, "ಪಂಚಾಕ್ಷರಣ್ಣ, ಏನ್ ಹಾಕ್ತೀಯ, ಶುಂಠಿನಾ?" ಎಂದು ಕೇಳುತ್ತಿದ್ದರು. "ಕ್ರಿಕೆಟ್ಟು" ಎನ್ನುತ್ತಿದ್ದೆ. ಅರವತ್ತೆಂಟಕ್ಕೆ ಇವನಿಗೆ ತಲೆ ಕೆಟ್ಟಿತು ಎಂದುಕೊಂಡೇ ಈಸೂರಿನ ಜನ ಮುಂದೆ ಹೋಗಿರಬೇಕು.

ಮಗ ಚನ್ನೇಶ ಶಿರಾಳಕೊಪ್ಪದ ರಸ್ತೆಯಲ್ಲಿ ಬೈಕಿನಿಂದ ಬಿದ್ದು ತೀರಿಕೊಂಡು ಮೂರು ತಿಂಗಳಾಗಿತ್ತು. ಸೊಸೆ ಗಂಗಾಶ್ರೀಯನ್ನು ಅವಳ ಅಣ್ಣ ಸೊರಬಕ್ಕೆ ಕರೆಯುತ್ತಿದ್ದ. ಅಲ್ಲಿನ ಶಾಲೆಯೊಂದರಲ್ಲಿ ಅವಳಿಗೆ ಕೆಲಸವೂ ಸಿಗುವಂತಿತ್ತು. ಒಂದು ದಿನ ಅವಳು ನೆಲ ನೋಡುತ್ತಾ ನನಗೆ ಹೇಳಿದಳು: "ನಂಗೆ ಎರಡೂ ಒಂದೇ ಮಾವ. ತೀರ್ಥ ಎಲ್ಲಿರ್ತೀನಿ ಅಂತಾನೋ ಅಲ್ಲಿರ್ತೀನಿ. ಸ್ಕೂಲು ಶುರುವಾಗೋದ್ರೊಳಗೆ ಅವನನ್ನೇ ಕೇಳ್ತೀನಿ."

ಅವಳ ಮೇಲೆ ಸಿಟ್ಟು ಮಾಡಿಕೊಳ್ಳಲು ಎರಡು ದಿನ ಪ್ರಯತ್ನಪಟ್ಟೆ, ಆಗಲಿಲ್ಲ. ಅವಳು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ.

ಮೊಮ್ಮಗ ತೀರ್ಥೇಶನಿಗೆ ಆರು ವರ್ಷ. ಅಪ್ಪ ಹೋದ ಮೇಲೆ ಅವನ ಮಾತು ಅರ್ಧಕ್ಕರ್ಧ ಕಡಿಮೆಯಾಗಿತ್ತು. ಓಣಿಯ ಹುಡುಗರು ರಸ್ತೆಯಲ್ಲೇ ಕ್ರಿಕೆಟ್ ಆಡುತ್ತಿದ್ದರು. ಗಂಗಾಶ್ರೀ ಮಗನನ್ನು ರಸ್ತೆಗೆ ಕಳಿಸುತ್ತಿರಲಿಲ್ಲ, ರಸ್ತೆ ಎಂದರೆ ಅವಳಿಗೆ ಅಷ್ಟು ಭಯ. ಅವನು ಕಿಟಕಿಯ ಸರಳು ಹಿಡಿದು ಕೂತು, ಬೇರೆಯವರು ಔಟಾದಾಗಲೆಲ್ಲ ತಾನೇ ಔಟಾದಂತೆ ತಲೆ ತಗ್ಗಿಸುತ್ತಿದ್ದ. ಅದನ್ನು ನೋಡಲಾಗದೆ ನಾನು ಎದ್ದು ಹಿಂದಿನ ಬಾಗಿಲಿಗೆ ಹೋಗಿ ನಿಲ್ಲುತ್ತಿದ್ದೆ. ಹಿತ್ತಲು ಹೊಳೆದದ್ದು ಆಗಲೇ.

ಕ್ರಿಕೆಟ್ ಮೈದಾನ ಹೇಗೆ ಮಾಡುತ್ತಾರೋ ನನಗೆ ಗೊತ್ತಿಲ್ಲ. ಭತ್ತ ಬಡಿಯುವ ಕಣ ಮಾಡುವುದು ಗೊತ್ತು. ಮಷೀನು ಬಂದು ಗದ್ದೆಯಲ್ಲೇ ಕೊಯ್ದು ಚೀಲ ತುಂಬಿಕೊಡಲು ಶುರುವಾದ ಮೇಲೆ ನಾನು ಕಣ ಮಾಡಿ ಹನ್ನೆರಡು ವರ್ಷವಾಗಿತ್ತು. ಆದರೂ ಕೈ ಮರೆತಿರಲಿಲ್ಲ. ಸೌದೆ ರಾಶಿ ಸರಿಸಿದೆ, ನುಗ್ಗೆಯ ಬೊಡ್ಡೆ ಕಿತ್ತೆ, ಕೆರೆಯ ಕೆಳಗಿನಿಂದ ಜೇಡಿಮಣ್ಣು ತಂದು ಹರಡಿ ನೀರು ಹೊಡೆದೆ. ಕೊಟ್ಟಿಗೆಯ ಹಿಂದೆ ಅನಾಥವಾಗಿ ಬಿದ್ದಿದ್ದ, ತೆನೆ ತುಳಿಸುವ ರೋಣಗಲ್ಲನ್ನು ಉರುಳಿಸಿ ತಂದು ನೆಲ ಗಟ್ಟಿಮಾಡಿದೆ. ರಾತ್ರಿ ಸೊಂಟ ಬಿದ್ದುಹೋಗುತ್ತಿತ್ತು. ಹೆಂಡತಿ ವೀರಮ್ಮ ನೋವಿನೆಣ್ಣೆ ತಿಕ್ಕುತ್ತಾ, "ಇಂಡಿಯಾ ಟೀಮಿನೋರು ಯಾವತ್ತು ಬರ್ತಾರಂತ್ರಿ?" ಎಂದು ಕೆಣಕುತ್ತಿದ್ದಳು. ಅವಳ ಮಲ್ಲಿಗೆ ಬಳ್ಳಿಗೆ ಚೆಂಡು ತಗುಲಿದರೆ ಔಟ್ ಎಂಬ ನಿಯಮವನ್ನು ಅವಳೇ ಮಾಡಿದಳು. ಮಗ ಸತ್ತ ಮನೆಯಲ್ಲಿ ನಾವು ನಕ್ಕದ್ದು ಅದೇ ಮೊದಲು.

ತೀರ್ಥ ದಿನವೂ ಬಂದು ನೋಡುತ್ತಿದ್ದ. ಮೊದಮೊದಲು ಮೆಟ್ಟಿಲ ಮೇಲೆ, ಆಮೇಲೆ ನನ್ನ ಪಕ್ಕದಲ್ಲಿ. ನಾಲ್ಕನೇ ದಿನ, "ಅಜ್ಜ, ನೀನು ಬೌಲಿಂಗ್ ಹಾಕ್ತೀಯಾ?" ಎಂದು ಕೇಳಿದ. "ಹಾಕ್ತೀನಿ ಕಣೋ, ನಿಮ್ಮಪ್ಪಂಗೇ ಹಾಕೀನಿ" ಎಂದೆ. ಅದು ಸುಳ್ಳು. ಚನ್ನೇಶ ಆಡುವ ವಯಸ್ಸಿನಲ್ಲಿ ನಾನು ಅವನನ್ನು ಗದ್ದೆಗೆ ಅಟ್ಟುತ್ತಿದ್ದೆ.

ಶನಿವಾರ ಕಣವೆಲ್ಲ ಸಗಣಿಯಿಂದ ಸಾರಿಸಿದೆ. ನೋಡಿ, ಬಾಯಲ್ಲಿ ಪಿಚ್ಚು ಎನ್ನುತ್ತಿದ್ದವನು ಅಷ್ಟು ಹೊತ್ತಿಗೆ ಮನಸ್ಸಿನಲ್ಲಿ ಕಣ ಎನ್ನತೊಡಗಿದ್ದೆ. ಸಾರಿಸಿ ಮುಗಿದ ಮೇಲೆ ಕೈ ತಾನಾಗಿ ಸಗಣಿಯ ಬೆನಕಪ್ಪನನ್ನು ಮಾಡಿ, ಗರಿಕೆ ಸಿಕ್ಕಿಸಿ, ನಡುವೆ ಇಟ್ಟಿತು. ವಿಭೂತಿ ಹಚ್ಚಿ ಕೈಮುಗಿದೆ. ಒಣಗಲಿ, ನಾಳೆ ಆಡೋಣ ಎಂದು ತೀರ್ಥನಿಗೆ ಹೇಳಿದೆ. ಅವನಿಗೆ ಆ ರಾತ್ರಿ ನಿದ್ದೆಯೇ ಬರಲಿಲ್ಲವಂತೆ.

ಭಾನುವಾರ ಬೆಳಿಗ್ಗೆ ನಾನು ಬೆನಕಪ್ಪನನ್ನು ಮೂಲೆಗೆ ಸರಿಸಿ, ಹಿತ್ತಲಲ್ಲಿ ಬಗ್ಗಿ ಬಿದಿರಿನ ಸ್ಟಂಪು ನೆಡುತ್ತಿದ್ದೆ. ಹಿಂದೆ ದಪದಪ ಸದ್ದಾಯಿತು. ತಿರುಗಿ ನೋಡಿದರೆ ಕಣದ ನಡುವೆ ಎರಡು ಶೂ. ಮೊದಲು ಕಂಡದ್ದು ಶೂಗಳೇ, ಮೇಲಿದ್ದ ಮಗು ಆಮೇಲೆ. ಕಣಕ್ಕೆ ಮೆಟ್ಟು ಹಾಕಿಕೊಂಡು ಯಾರೂ ಕಾಲಿಡಬಾರದು. ನನ್ನಪ್ಪ ಅದಕ್ಕೆ ನನ್ನನ್ನು ಹೊಡೆದಿದ್ದ, ನಾನು ಚನ್ನೇಶನನ್ನು ಹೊಡೆದಿದ್ದೆ.

"ಕಣಕ್ಕೆ ಮೆಟ್ಟು ಹಾಕ್ಕೊಂಡ್ ಬರ್ತೀಯೇನಲೇ!" ಎಂದು ಕೂಗಿದವನೇ ಕೆನ್ನೆಗೆ ಬಾರಿಸಿದೆ.

ತೀರ್ಥ ಅಳಲಿಲ್ಲ. ಒಂದು ಕೈಯಲ್ಲಿ ಪ್ಲಾಸ್ಟಿಕ್ ಬ್ಯಾಟು, ಇನ್ನೊಂದರಲ್ಲಿ ಚೆಂಡು, ಹಾಗೇ ನಿಂತಿದ್ದ. ಶೂ ಅವನಿಗೆ ದೊಡ್ಡದಿತ್ತು, ಹಿಮ್ಮಡಿಯ ಬಳಿ ತುರುಕಿದ್ದ ಪೇಪರು ಹೊರಗೆ ಇಣುಕುತ್ತಿತ್ತು. ವೀರಮ್ಮ ಓಡಿಬಂದು ಅವನನ್ನು ಎತ್ತಿಕೊಂಡಳು.

"ನಿಮ್ ಕೈ ಸೇದೋಗ! ಅದು ಚನ್ನೇಶ ಕೊಡ್ಸಿದ್ದು ಕಣ್ರೀ. ಹೋಗೋಕೆ ನಾಕು ದಿನ ಮುಂಚೆ ಶಿಕಾರಿಪುರದಿಂದ ತಂದಿದ್ದ. ಮಗು ಇಷ್ಟು ದಿನ ಡಬ್ಬಿಯಿಂದ ತೆಗ್ದಿರ್ಲಿಲ್ಲ. ಇವತ್ತು ಮ್ಯಾಚ್ ಅಂತ ಹಾಕ್ಕೊಂಡಿತ್ತು."

ನನಗೆ ಗೊತ್ತಿರಲಿಲ್ಲ. ಗೊತ್ತಿರಲಿಲ್ಲ ಎಂದರೆ ಹೊಡೆದದ್ದು ಹೊಡೆಯದಂತಾಗುತ್ತದೆಯೇ? ತೀರ್ಥ ಅಜ್ಜಿಯ ಕಂಕುಳಿನಿಂದ ಇಳಿದ. ಶೂ ಬಿಚ್ಚಿ, ನಲ್ಲಿಯ ಕೆಳಗೆ ಹಿಡಿದು ಸಗಣಿಯನ್ನು ಬೆರಳಿನಿಂದ ತೊಳೆದ. ಅಂಗಿಯ ತುದಿಯಿಂದ ಒರೆಸಿ ಡಬ್ಬಿಯೊಳಗಿಟ್ಟ.

ನಾನು ಮಾಡಬಾರದ್ದನ್ನೂ ಮಾಡಿದೆ. ನನ್ನ ಚಪ್ಪಲಿ ಮೆಟ್ಟಿಕೊಂಡು ಕಣದ ನಡುವೆ ಹೋಗಿ ನಿಂತು, "ನೋಡೋ ತೀರ್ಥ, ಅಜ್ಜಾನೂ ಹಾಕ್ಕೊಂಡೀನಿ. ಶೂ ಹಾಕ್ಕೊಂಡ್ ಬಾರಪ್ಪ, ಬೌಲಿಂಗ್ ಹಾಕ್ತೀನಿ" ಎಂದು ಕರೆದೆ. ಅವನು ಬಂದ. ಬರಿಗಾಲಲ್ಲಿ. ನಾನು ಹಾಕಿದ ಆರು ಚೆಂಡನ್ನೂ ಆಡಿದ. ಹೇಳಿದ ಮನೆಕೆಲಸ ಮಾಡಿದ ಹಾಗೆ ಆಡಿ, ಬ್ಯಾಟನ್ನು ಗೋಡೆಗೆ ಒರಗಿಸಿ, "ಸಾಕು ಅಜ್ಜ" ಎಂದು ಒಳಗೆ ಹೋದ.

ಸಂಜೆ ಗಂಗಾಶ್ರೀ ಅವನನ್ನು ತೊಡೆಯ ಮೇಲೆ ಕೂರಿಸಿಕೊಂಡು ನಮ್ಮೆದುರೇ ಕೇಳಿದಳು. ಮರೆಯಲ್ಲಿ ಕೇಳಬಹುದಿತ್ತು, ಆದರೆ ಅವಳು ನ್ಯಾಯವಂತೆ.

"ತೀರ್ಥ, ಇಲ್ಲೇ ಇರೋಣ್ವಾ, ಸೊರಬದಲ್ಲಿ ಮಾಮನ ಮನೇಲಿ ಇರೋಣ್ವಾ?"

ಅವನು ನನ್ನತ್ತ ನೋಡಿದ. ನಾನು ನಗಲು ನೋಡಿದೆ.

"ಅಲ್ಲಿ ಅಪ್ಪಾಜಿ ಕೊಡ್ಸಿದ ಶೂ ಹಾಕ್ಕೋಬಹುದಾ ಅಮ್ಮ?"

"ಇಲ್ಲೂ ಹಾಕ್ಕೋಬಹುದು ಕಣಪ್ಪ, ಎಲ್ಲಿ ಬೇಕಾದ್ರೂ ಹಾಕ್ಕೋ" ಎಂದು ನಾನೇ ಬಾಯಿ ಹಾಕಿದೆ. ಅವನು ನನ್ನ ಮಾತು ಕೇಳಿಸಿಕೊಂಡ, ಆದರೆ ಅಮ್ಮನ ಮುಖವನ್ನೇ ನೋಡುತ್ತಾ ಕಾದ. ಗಂಗಾಶ್ರೀಯ ಕಣ್ಣು ತುಂಬಿತ್ತು. "ಹೂಂ, ಹಾಕ್ಕೋಬಹುದು" ಎಂದಳು.

ಅವನು ಅವಳ ಕುತ್ತಿಗೆಗೆ ಜೋತುಬಿದ್ದು ಕಿವಿಗೆ ಬಾಯಿಟ್ಟ. ನನಗೆ ಕೇಳಿಸಬಾರದು, ನನಗೆ ಬೇಜಾರಾಗಬಾರದು ಎಂದು ಅಂಗೈ ಅಡ್ಡ ಹಿಡಿದುಕೊಂಡ. "ಹಾಗಾದ್ರೆ ಅಲ್ಲಿಗೇ ಹೋಗೋಣ" ಎಂದ. ಆರು ವರ್ಷದ ಮಕ್ಕಳ ಗುಟ್ಟು ಇಡೀ ಮನೆಗೆ ಕೇಳಿಸುತ್ತದೆ.