ಮಗುಚಿ ಕಟ್ಟಿದ ಕಟ್ಟು

ಸರ್ಕಾರದ ಮಾತೆತ್ತಿದರೆ ಸಾಕು, ಇಸ್ತ್ರಿಯಮ್ಮನಿಗೆ ಮೂಗಿನ ತುದಿಯಲ್ಲೇ ಕೋಪ. ಚುನಾವಣೆಯೆಲ್ಲ ಕಣ್ಣಿಗೆ ಮಣ್ಣೆರಚುವ ಆಟ ಎಂದು ಇಸ್ತ್ರಿಗೆ ಬಟ್ಟೆ ತಂದವರಿಗೆಲ್ಲ ಹೇಳುತ್ತಿದ್ದಳು. ಅಂಥವಳ ಹೊಟ್ಟೆಯಲ್ಲಿ ಹುಟ್ಟಿದ ಮಗಳು, ಶಾಲೆಯ ಟೀಚರು, ಪಂಚಾಯ್ತಿ ಚುನಾವಣೆಯ ಮತ ಎಣಿಸುವ ಕೆಲಸಕ್ಕೆ ಹೊರಟು ನಿಂತಿದ್ದಳು.

"ಕಳ್ಳರ ಜೊತೆ ಕೂರೋಳ ಬಟ್ಟೆಗೆ ನಾನು ಇಸ್ತ್ರಿ ಹಾಕಲ್ಲ ಕಣೇ."

"ಬೇಡ ಬಿಡಮ್ಮ," ಎಂದ ಮಗಳು ಸುಕ್ಕುಸುಕ್ಕಾದ ಅಂಗಿಯನ್ನೇ ತೊಟ್ಟು ಹೋದಳು. ಊರವರ ಬಟ್ಟೆಯ ಸುಕ್ಕು ಬಿಡಿಸುವ ಮನೆಯ ಹುಡುಗಿ!

ಮಧ್ಯಾಹ್ನ ಎಣಿಕೆ ಕೇಂದ್ರದ ಗೇಟಿನ ಮುಂದೆ ಜನ ಕಿಕ್ಕಿರಿದಿದ್ದರು. ಚುನಾವಣೆಗೆ ನಿಂತಿದ್ದ, ಅವರೆಲ್ಲ ಮತ ಹಾಕಿದ್ದ ಬಸ್ ಡ್ರೈವರ್ ಎಣಿಕೆಯಲ್ಲಿ ಹಿಂದೆ ಬಿದ್ದಿದ್ದಾನೆಂದು ಸುದ್ದಿ ಬಂದದ್ದೇ ತಡ, ಕೈಗಳಿಗೆ ಕಲ್ಲು ಬಂದವು. "ಮೋಸ! ಮೋಸ!" ಎಂಬ ಕೂಗಿನಲ್ಲಿ ಇಸ್ತ್ರಿಯಮ್ಮನದೇ ದೊಡ್ಡ ಗಂಟಲು. ಕೂಗುತ್ತಿದ್ದಂತೆಯೇ ನೆನಪಾಯಿತು. ಒಳಗಿರುವುದು ತನ್ನ ಕೂಸು, ಕಲ್ಲಿಗೇನು ಕಣ್ಣಿದೆಯೇ?

ಆಗ ಬಾಗಿಲು ತೆರೆಯಿತು. ಮೆಟ್ಟಿಲ ಮೇಲೆ ಅದೇ ಸುಕ್ಕು ಅಂಗಿ. "ಬೇಡ ಟೀಚರ್, ಒಳಗೊಳಗೇ ಸರಿ ಮಾಡ್ಕೊಳ್ಳೋಣ," ಎಂದು ಹಿಂದಿನಿಂದ ಮೇಲಧಿಕಾರಿ ಗೊಣಗುತ್ತಿದ್ದ. ಅವಳು ಮೈಕು ಹಿಡಿದಳು.

"ತಪ್ಪಾಗಿದೆ. ತಪ್ಪು ನಂದು. ಮಕ್ಕಳ ಮಾರ್ಕ್ಸ್ ಯಾರಿಗೂ ಕಾಣಬಾರದು ಅಂತ ಉತ್ತರಪತ್ರಿಕೆ ಮಗುಚಿ ಕಟ್ತೀವಿ. ಅದೇ ಅಭ್ಯಾಸದಲ್ಲಿ ಮತಚೀಟಿನೂ ಮಗುಚಿ ಕಟ್ಟಿಬಿಟ್ಟೆ. ಯಾರದು ಅಂತ ಕಾಣದೆ ಒಂದು ಕಟ್ಟು ಬೇರೆಯವರ ರಾಶಿಗೆ ಹೋಗಿದೆ. ಈಗ ಮೊದಲಿಂದ ಎಣಿಸ್ತೀವಿ, ಬಾಗಿಲು ತೆಗೆದೇ ಇರುತ್ತೆ. ನೋಡೋರು ಬನ್ನಿ. ಕಲ್ಲು ಮಾತ್ರ ಹೊರಗಿಡಿ."

"ನೋಡ್ರೋ, ಕಳ್ಳಿ ಒಪ್ಕೊಂಡ್ಳು!" ಎಂದು ಯಾವನೋ ಕಲ್ಲೆತ್ತಿದ.

ಇಸ್ತ್ರಿಯಮ್ಮ ಗಿರಕ್ಕನೆ ತಿರುಗಿ ಅವನ ಕೈ ಹಿಡಿದಳು. "ಲೋ, ಕಳ್ಳರು ಬಾಗಿಲು ಹಾಕ್ಕೋತಾರೆ ಕಣೋ, ತೆಗೆಯಲ್ಲ! ಇಡು ಕೆಳಗೆ."

ಕಲ್ಲು ಕೆಳಗಿಟ್ಟವರ ಪೈಕಿ ಮೊದಲು ಒಳಗೆ ಹೋದವಳೂ ಅವಳೇ. ಗೋಡೆಗೊರಗಿ ನಿಂತು ಒಂದೊಂದು ಚೀಟಿಯನ್ನೂ ಹದ್ದಿನ ಕಣ್ಣಿಂದ ನೋಡಿದಳು. ಮಗಳೆಂದು ರಿಯಾಯಿತಿ ತೋರಲಿಲ್ಲ. ದಾರಿ ತಪ್ಪಿದ್ದ ಕಟ್ಟು ಡ್ರೈವರನದೇ. ಅದು ಅವನ ರಾಶಿಗೆ ಮರಳಿತು, ಆದರೂ ಗೆಲ್ಲಲು ಸಾಲಲಿಲ್ಲ.

ಹೊರಗೆ ಜನ ಮುತ್ತಿಕೊಂಡರು. "ಏನಾಯ್ತಮ್ಮ?"

"ಸೋತ್ವಿ," ಎಂದಳು ಇಸ್ತ್ರಿಯಮ್ಮ, ಗೆದ್ದವಳ ಹಾಗೆ ತಲೆಯೆತ್ತಿ. "ಸರಿಯಾಗೇ ಸೋತ್ವಿ. ಎಣಿಸಿದ್ದು ನನ್ ಮಗಳು."