ಅವಸರದ ಹುಗ್ಗಿ

ನನ್ನ ಮ್ಯಾಮೊಗ್ರಾಂ ವರದಿ ನೋಡಿ ಡಾಕ್ಟರ್ ಮೃಣಾಲ ಎರಡು ಮಾತು ಹೇಳಿದರು. ಒಂದು, ಇದರಲ್ಲಿ ಏನೂ ಕಾಣುತ್ತಿಲ್ಲ. ಇನ್ನೊಂದು, ಎದೆಯಲ್ಲಿ ಗಂಟು ಕೈಗೆ ಸಿಗುತ್ತಿರುವುದರಿಂದ ಸ್ಕ್ಯಾನಿಂಗ್ ಮಾಡಿಸಲೇಬೇಕು. ಕೆಲವು ಗಂಟು ಮ್ಯಾಮೊಗ್ರಾಂನಲ್ಲಿ ಕಾಣುವುದಿಲ್ಲ. ಎರಡನೆಯ ಮಾತು ಮುಗಿಯುವಷ್ಟರಲ್ಲಿ ನನ್ನ ಗಂಡ ಮಲ್ಲಿನಾಥ ಮೊದಲನೆಯದನ್ನು ಹೊತ್ತುಕೊಂಡು ಹೊರಗೋಡಿ, ಹೊನವಾಡದಲ್ಲಿದ್ದ ತಮ್ಮ ತಾಯಿಗೆ ಫೋನು ಮಾಡಿಯಾಗಿತ್ತು.

ಎಲ್ಲ ಸರಿ ಬಂದರೆ ಅಮೋಘಸಿದ್ಧ ದೇವರಿಗೆ ಗೋಧಿ ಹುಗ್ಗಿಯ ಎಡೆ ಇಟ್ಟು, ಐವರು ಮುತ್ತೈದೆಯರಿಗೆ ಊಟ ಹಾಕುವುದಾಗಿ ಅತ್ತೆ ದುಂಡವ್ವ ಬೇಡಿಕೊಂಡಿದ್ದರು. ಹರಕೆ ಬಾಕಿ ಉಳಿಸಿಕೊಳ್ಳುವ ಜೀವವಲ್ಲ ಅವರದು. ಮರುದಿನವೇ ಎಡೆಯಾಯಿತು, ಊಟವಾಯಿತು. ಉಳಿದ ಹುಗ್ಗಿಯನ್ನು ಡಬ್ಬಿಗೆ ತುಂಬಿಕೊಂಡು ಬಸ್ಸು ಹತ್ತಿ, ಇಬ್ರಾಹಿಂಪುರದ ನಮ್ಮ ಮನೆಗೂ ಬಂದರು.

ಎರಡು ತುತ್ತು ತಿಂದೆ. ಎಡಗೈ ತಾನಾಗಿಯೇ ಬಲ ಎದೆಯ ಕಡೆ ಹೋಯಿತು. ಗಂಟು ಅಲ್ಲೇ ಇತ್ತು, ದ್ರಾಕ್ಷಿಯಷ್ಟು.

"ಅತ್ತಿ, ಸೋಮವಾರ ಸ್ಕ್ಯಾನಿಂಗಿಗೆ ಹೋಗ್ಬೇಕ್ರಿ."

"ಯಾರಿಗೆ?"

"ನನಗ್ರಿ. ಗಂಟು ಇನ್ನೂ ಐತ್ರಿ."

ಅತ್ತೆ ಮಗನತ್ತ ತಿರುಗಿದರು. "ಲೇ ಮಲ್ಯಾ, ಎಲ್ಲಾ ಚೊಲೊ ಐತಿ ಅಂದಿ?"

"ರಿಪೋರ್ಟ್ ಚೊಲೊ ಐತಿ ಅಂದೇನ್ ಬೇ."

"ನಾ ಹುಗ್ಗಿ ಮಾಡಿದ್ದು ರಿಪೋರ್ಟಿಗೇನೋ? ಸೊಸಿಗೆ!"

ಮಲ್ಲಿನಾಥ ಗಂಟಲು ಸರಿಮಾಡಿಕೊಂಡರು. "ಅಲ್ಲ ಬೇ, ದೇವರ ಊಟ ಆಗೇತಿ. ಈಗ ಮತ್ತ ದವಾಖಾನಿಗೆ ಹೋದ್ರ ದೇವರ ಮ್ಯಾಲ ಸಂಶೆ ಪಟ್ಟಂಗ ಆಗೂದಿಲ್ಲೇನು?"

ಇವರಿಗೆ ಇಷ್ಟು ಭಕ್ತಿ ಇರುವುದು ಮದುವೆಯಾದಾಗಿನಿಂದ ನನಗೆ ಗೊತ್ತಾಗಿರಲಿಲ್ಲ. ಮುಖ ನೋಡಿದೆ. ಭಕ್ತಿಯಲ್ಲ, ಹೆದರಿಕೆ. ಅತ್ತೆಯೂ ಬೇಡವೆಂದರೆ ನಾನು ಒಬ್ಬಳೇ ಹೋಗಬೇಕು; ಹೋಗುವಷ್ಟು ಧೈರ್ಯ ನನ್ನಲ್ಲಿ ಉಳಿದಿದೆಯೇ ಎಂದು ಲೆಕ್ಕ ಹಾಕುತ್ತ ಕುಳಿತೆ.

ಅತ್ತೆ ಡಬ್ಬಿಯ ಮುಚ್ಚಳ ಹಾಕಿದರು. "ಮಬ್ಬ, ದೇವರಿಗೆ ಅರ್ಧಾ ಸುದ್ದಿ ಹೇಳಿ ಉಣ್ಣಿಸೀದಿ. ಅಂವಾ ಮುಂಗಡಾನ ಉಂಡಾನ. ಉಂಡ ಮ್ಯಾಲ ಕೆಲಸಾ ಮಾಡ್ಬೇಕೋ ಬ್ಯಾಡೋ? ಬರ್ಲಿ ಅಂವಾನೂ ಸ್ಕ್ಯಾನಿಂಗಿಗೆ. ನಾನೂ ಬರ್ತೀನಿ."

ಸೋಮವಾರ ಸ್ಕ್ಯಾನಿಂಗಿನಲ್ಲಿ ಗಂಟು ಸ್ಪಷ್ಟವಾಗಿ ಕಂಡಿತು. ಡಾಕ್ಟರ್ ಸೂಜಿ ಹಾಕಿ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಫಲಿತಾಂಶ ಬರುವವರೆಗೆ ಅತ್ತೆ ಊರಿಗೆ ಹೋಗಲಿಲ್ಲ. ನಾನು ಎದೆ ಮುಟ್ಟಿಕೊಂಡಾಗಲೆಲ್ಲ ಕೈಗೆ ಕೆಲಸವಿರಲೆಂದು, ಎಲೆ ಬಿಡಿಸಿ ಸೋಸಲು ಒಂದು ಮೆಂತ್ಯೆ ಸೊಪ್ಪಿನ ಸೂಡು ತಂದಿಡುತ್ತಿದ್ದರು. ಆ ವಾರ ಮೂರು ಹೊತ್ತೂ ಮೆಂತ್ಯೆ ಪಲ್ಯ.

ಕೊನೆಗೆ ಡಾಕ್ಟರ್ ಕರೆಸಿ, "ಕ್ಯಾನ್ಸರ್ ಅಲ್ರಿ, ಸಾದಾ ಗಂಟು," ಎಂದರು.

ಮಲ್ಲಿನಾಥ ಕಣ್ಣೊರೆಸಿಕೊಂಡು ಮೊಬೈಲಿಗೆ ಕೈಹಾಕಿದರು. ಅತ್ತೆ ಅದನ್ನು ಕಸಿದು ಉಡಿಯಲ್ಲಿಟ್ಟುಕೊಂಡರು.

"ಫೋನ್ ಹಚ್ಚೂದಾದ್ರೂ ಯಾರಿಗೋ? ನಾ ಇಲ್ಲೇ ಕುಂತೀನಿ. ಡಾಕ್ಟರವ್ವಾ, ಇನ್ನೂ ಏನರ ಮಾತು ಉಳದೈತೇನ್ರಿ?"

"ಆರು ತಿಂಗಳ ಬಿಟ್ಟು ಮತ್ತ ತೋರಸ್ರಿ. ನಡುವ ಗಂಟು ದೊಡ್ಡದಾದ್ರ ಕೂಡಲೇ ಬರ್ರಿ."

"ಮುಗೀತ್ರಿ?"

"ಮುಗೀತವ್ವಾ."

"ಈಗ ಏಳಲೇ," ಎಂದರು ಮಗನಿಗೆ.

ಹೊರಗೆ ಬಂದ ಮೇಲೆ ಮಲ್ಲಿನಾಥ ಮೆಲ್ಲಗೆ ಕೇಳಿದರು. "ಯವ್ವಾ, ಹುಗ್ಗಿ?"

"ಆರು ತಿಂಗಳ ಮ್ಯಾಲ. ಮತ್ತ ಮುಂಗಡ ಕೊಟ್ರ ದೇವರೂ ಮೈಗಳ್ಳ ಆಕ್ಕಾನ."

ನಾನು ನಕ್ಕೆ. ನಗುತ್ತಲೇ ನನ್ನ ಎಡಗೈ ಮತ್ತೆ ಮೇಲೇರುತ್ತಿತ್ತು. ಅತ್ತೆ ಅದನ್ನು ನೋಡಿ, ಊರಿಗೆ ಒಯ್ಯಲು ತಂದಿದ್ದ ಹುಗ್ಗಿಯ ಖಾಲಿ ಡಬ್ಬಿಯನ್ನು ಆ ಕೈಗೆ ಹಿಡಿಸಿದರು.