ವಾರಕ್ಕೆ ಹದಿನೈದು ಗಂಟೆ

ವಾರಕ್ಕೆ ಇರುವುದು ನೂರ ಅರವತ್ತೆಂಟು ಗಂಟೆ. ಅದರಲ್ಲಿ ಹದಿನೈದನ್ನು ಎಲ್ಲಿಂದ ತರುತ್ತೀರಿ ಎಂದು ವಿಶ್ವವಿದ್ಯಾಲಯದ ಅರ್ಜಿ ಕೇಳಿತ್ತು. ಕೆಲಸ ಬಿಡದೆ ವ್ಯವಹಾರ ಆಡಳಿತದಲ್ಲಿ ಡಾಕ್ಟರೇಟ್ ಮಾಡುವವರು ಗಂಟೆ ಗಂಟೆಯ ಪಟ್ಟಿ ಹಾಕಿ ಕೊಡಬೇಕಂತೆ. ಅದೂ ನಾಲ್ಕು ವರ್ಷದ ಮಾತು. ಕೊನೆಯ ದಿನ ಶುಕ್ರವಾರ, ಸಂಜೆ ಐದರೊಳಗೆ.

ಗಾಜಿನ ಬಾಟಲಿ ಕಾರ್ಖಾನೆಯ ಪಾಳಿ ಮೇಲ್ವಿಚಾರಕ, ಬೆನ್ನ ಹಿಂದೆ ಕೆಲಸಗಾರರೆಲ್ಲ 'ಗಡಿಯಾರ' ಎಂದು ಕರೆಯುವ ಮನುಷ್ಯ, ಆ ಪಟ್ಟಿಯ ಮುಂದೆ ಹನ್ನೊಂದು ದಿನದಿಂದ ಕೂತು ಏಳುತ್ತಿದ್ದ. ಇಪ್ಪತ್ತೊಂದು ವರ್ಷದಿಂದ ನೂರಿಪ್ಪತ್ತು ಜನರ ಪಾಳಿ ಹೊಂದಿಸಿದವನಿಗೆ ತನ್ನೊಬ್ಬನ ವಾರ ಹೊಂದಿಸಲು ಆಗಲಿಲ್ಲವೆಂದರೆ! ಕೊನೆಗೂ ಹೊಂದಿಸಿದ. ಬಸ್ಸಿನಲ್ಲಿ ಕೂತ ಐದು ಗಂಟೆ, ಭಾನುವಾರದಿಂದ ಆರು, ನಿದ್ದೆಯಿಂದ ನಾಲ್ಕು. ಬೆಳಗಿನ ತಿಂಡಿಯನ್ನು ನಿಂತುಕೊಂಡೇ ಮುಗಿಸಿದರಾಯಿತು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ.

ನಲವತ್ತಾರನೇ ವಯಸ್ಸಿಗೆ ಅವನಿಗೆ ಯಾಕೆ ಬೇಕಿತ್ತು ಈ ಉಸಾಬರಿ? ಹೆಸರಿನ ಮುಂದೆ 'ಡಾ.' ಎಂದು ಬರಲಿ ಎಂಬ ಆಸೆ ಇರಲಿಲ್ಲವೆಂದರೆ ಅದು ಸುಳ್ಳು. ಇತ್ತು, ಬೇಕಾದಷ್ಟಿತ್ತು. ಆದರೆ ಅದಕ್ಕಿಂತ ದೊಡ್ಡ ಸಂಕಟ ಇನ್ನೊಂದಿತ್ತು. ನಿನ್ನೆ ಮೊನ್ನೆ ಬಂದ ಅಧಿಕಾರಿಗಳು ಪರದೆಯ ಮೇಲೆ ಬಣ್ಣದ ಚಿತ್ರ ತೋರಿಸಿ ಕಾರ್ಖಾನೆ ಎಂದರೇನೆಂದು ಅವನಿಗೇ ಪಾಠ ಹೇಳುತ್ತಿದ್ದರು. ತನಗೆ ಗೊತ್ತಿದ್ದದ್ದನ್ನು ಒಮ್ಮೆ ಅವರು ಬಾಯಿ ಮುಚ್ಚಿಕೊಂಡು ಕೇಳುವ ಹಾಗೆ ಹೇಳಬೇಕು. ಅಷ್ಟು ಸಾಕಿತ್ತು ಅವನಿಗೆ.

ಅವನಿಗೆ ಗೊತ್ತಿದ್ದದ್ದು ಸಣ್ಣ ವಿಷಯವೇನಲ್ಲ. ಅಲ್ಲಿ ಕುಲುಮೆ ಆರುವಂತಿಲ್ಲ, ಹಗಲೂ ರಾತ್ರಿಯೂ ಮೂರು ಪಾಳಿ. ಒಂದು ಪಾಳಿ ಹೋಗಿ ಇನ್ನೊಂದು ಬರುವಾಗ ಏನು ಕೆಟ್ಟಿದೆ ಎಂದು ಪಾಳಿ ಪುಸ್ತಕದಲ್ಲಿ ಬರೆದಿಡಬೇಕು. ಎಲ್ಲರೂ ಬರೆಯುವುದು ಎರಡೇ ಪದ: ಎಲ್ಲ ಸರಿ. ನಿಜವಾದ ಮಾತು ನಡೆಯುವುದು ಕೈ ತೊಳೆಯುವ ನಲ್ಲಿಯ ಹತ್ತಿರ. ಬಂದವನು "ಯಾವುದಕ್ಕೆ ಕಿವಿ ಕೊಡ್ಬೇಕು?" ಎಂದು ಕೇಳುತ್ತಾನೆ, ಹೋಗುವವನು "ಮೂರನೇ ಮಿಷನ್ನು ಕೆಮ್ತಾ ಇದೆ, ನೋಡ್ಕೋ" ಎನ್ನುತ್ತಾನೆ. ಯಾಕಪ್ಪಾ ಹೀಗೆ ಎಂದು ಹಿರಿಯ ಫಿಟ್ಟರನನ್ನು ಕೇಳಿದರೆ ಅವನು ಹಲ್ಲು ಕಿರಿದಿದ್ದ. "ಪುಸ್ತಕದಲ್ಲಿ ಬರೆದ್ರೆ ಬೈಯೋರು ಬರ್ತಾರೆ ಸಾರ್. ಬಾಯಲ್ಲಿ ಹೇಳಿದ್ರೆ ರಿಪೇರಿ ಮಾಡೋರು ಬರ್ತಾರೆ."

ಇದನ್ನು ಫೋನಿನಲ್ಲಿ ಕೇಳಿದ ವಿಶ್ವವಿದ್ಯಾಲಯದ ಪ್ರೊಫೆಸರಮ್ಮ, "ಇದೇ ಕಣ್ರೀ ನಿಮ್ಮ ಪ್ರಬಂಧ. ಬೇರೆ ಏನೂ ಹುಡುಕ್ಬೇಡಿ" ಎಂದಿದ್ದರು. ಆ ಸಂಜೆ ಖುಷಿಯಲ್ಲಿ ಅವನು ಎರಡು ಬಸ್ಸು ಬಿಟ್ಟುಕೊಂಡು ನಿಲ್ದಾಣದಲ್ಲೇ ನಿಂತಿದ್ದ.

ಇನ್ನು ಮನೆ. ಹೆಂಡತಿ ಆಸ್ಪತ್ರೆಯ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ, ಆರು ವರ್ಷದಿಂದ ಬರೀ ರಾತ್ರಿ ಪಾಳಿ. ಎರಡೇ ವರ್ಷ ಎಂದು ಶುರುವಾಗಿದ್ದು. ಬೆಳಗ್ಗೆ ಅವಳು ಮೆಟ್ಟಿಲು ಹತ್ತುವಾಗ ಇವನು ಇಳಿಯುತ್ತಾನೆ, ಸಂಜೆ ಅವಳು ಇಳಿಯುವಾಗ ಇವನು ಹತ್ತುತ್ತಾನೆ. ಅದಕ್ಕೇ ಫ್ರಿಜ್ಜಿನ ಮೇಲೊಂದು ನೋಟ್‌ಬುಕ್. ಮಗಳ ಕೆಮ್ಮು, ಮುಗಿದ ಗ್ಯಾಸು, ಕೊನೆಗೆ 'ಎಲ್ಲ ಸರಿ'. ಆ ಮನೆಗೆ ಒಂದೇ ಒಂದು ಕಟ್ಟಳೆ: ಮಲಗಿದ ಅಮ್ಮನನ್ನು ಎಬ್ಬಿಸಬಾರದು. ಕರೆಗಂಟೆಯ ತಂತಿಯನ್ನೂ ಕಿತ್ತು ಬಿಟ್ಟಿದ್ದರು. ಒಂದು ರಜೆಯ ದಿನ ಮಗಳು ಬಿದ್ದು ಗಲ್ಲ ಸೀಳಿಕೊಂಡಾಗಲೂ ಅಪ್ಪ ಎತ್ತಿಕೊಂಡು ಓಡಿ ಹೊಲಿಗೆ ಹಾಕಿಸಿ ತಂದನೇ ಹೊರತು ಆ ಬಾಗಿಲು ತಟ್ಟಿರಲಿಲ್ಲ.

ಅರ್ಜಿಗೆ ಮನೆಯವರೊಬ್ಬರ ಸಹಿಯೂ ಬೇಕಿತ್ತು. ಗುರುವಾರ ಬೆಳಗ್ಗೆ ಫ್ರಿಜ್ಜಿನ ಮೇಲೆ ಇಟ್ಟು ಹೋದ. ಸಂಜೆ ಬಂದು ನೋಡಿದರೆ ಸಹಿ ಬಿದ್ದಿತ್ತು.

"ಅಪ್ಪಾ, ಹೋಮ್‌ವರ್ಕ್ ಮಾಡಿಲ್ಲ ಅಂದ್ರೆ ನಿನ್ ಡೈರೀಲೂ ಬರೀತಾರಾ?" ಎಂದಳು ಹನ್ನೊಂದರ ಮಗಳು.

"ಬರೀತಾರೆ. ನಿನ್ ಹತ್ರನೇ ಸಹಿ ಹಾಕಿಸ್ಕೊಂಡು ಬಾ ಅಂತಾರೆ."

"ಹಾಕಲ್ಲಪ್ಪ ನಾನು!"

ನಗುತ್ತಲೇ ಹಾಳೆ ತಿರುಗಿಸಿದ. 'ಈ ವ್ಯಾಸಂಗದಿಂದ ನಿಮಗೆ ಏನಾದರೂ ತೊಂದರೆ ಇದೆಯೇ?' ಎಂಬ ಪ್ರಶ್ನೆಯ ಕೆಳಗೆ ಹೆಂಡತಿ ಬರೆದಿದ್ದಳು: ಎಲ್ಲ ಸರಿ.

ಅವನ ನಗು ಅಲ್ಲೇ ನಿಂತಿತು. ಅವನ ಕೆಲಸದ ಬಹುಪಾಲು ಈ ಎರಡು ಪದ ಓದುವುದರಲ್ಲೇ ಕಳೆದಿತ್ತು. ಸಹಿ ಇದೆ, ಕಳಿಸಿಬಿಡು, ನಿನಗೇನೂ ಗೊತ್ತಿಲ್ಲ ಎಂದು ಮನಸ್ಸು ಪುಸಲಾಯಿಸಿತು. ಗೊತ್ತಿತ್ತಲ್ಲ, ಏನು ಮಾಡುವುದು.

ಮರುದಿನ ಬೆಳಗ್ಗೆ ಮೆಟ್ಟಿಲ ತಿರುವಿನಲ್ಲಿ ಅವಳನ್ನು ತಡೆದು ನಿಲ್ಲಿಸಿದ.

"ಯಾವುದಕ್ಕೆ ಕಿವಿ ಕೊಡ್ಬೇಕು?"

"ಏನ್ರೀ ಇದು, ಬೆಳ್ಬೆಳಗ್ಗೆ ಕಾರ್ಖಾನೆ ಮಾತು?"

"ಹೇಳು."

ಅವಳು ಬ್ಯಾಗು ಇಳಿಸಿ ಮೆಟ್ಟಿಲ ಮೇಲೇ ಕೂತಳು. "ನಿದ್ದೆ ಬರ್ತಿದೆ. ಆರು ವರ್ಷದಿಂದ ಬರ್ತಾನೇ ಇದೆ." ಆಮೇಲೆ ಗೋಡೆ ನೋಡಿಕೊಂಡು ಹೇಳಿದಳು. "ಸೋಮವಾರ ಹಗಲು ಪಾಳೀಲಿ ಒಂದು ಜಾಗ ಖಾಲಿ ಆಯ್ತು. ನಿಂಗೆ ಬೇಕಾ ಅಂತ ಲ್ಯಾಬಿನ ಹಿರಿಯಕ್ಕ ಕೇಳಿದ್ರು. ಬೇಡ ಅಂದೆ."

"ಯಾಕೆ?"

"ಯಾಕೆ ಅಂತೆ! ನಾನು ಬೆಳಗ್ಗೆ ಹೋಗಿ ಸಂಜೆ ಬಂದ್ರೆ ಮೂರು ಗಂಟೆಗೆ ಸ್ಕೂಲಿಂದ ಬರೋ ಮಗಳಿಗೆ ಬಾಗಿಲು ತೆಗೆಯೋರು ಯಾರು? ಅಡುಗೆ ಮಾಡೋರು ಯಾರು? ನಿಮ್ಮ ಪಟ್ಟಿ ನೋಡ್ದೆ. ಅದ್ರಲ್ಲಿ ಅಡುಗೆ ಅನ್ನೋದೇ ಇಲ್ಲ. ಮಗಳೂ ಇಲ್ಲ."

ಗಡಿಯಾರ ತನ್ನ ಪಟ್ಟಿಯನ್ನು ಮನಸ್ಸಿನಲ್ಲೇ ಮತ್ತೊಮ್ಮೆ ಓದಿಕೊಂಡ. ಬರುವ ಪಾಳಿಯನ್ನು ಪಕ್ಕದಲ್ಲಿ ಬರೆಯದೆ ಹೋಗುವ ಪಾಳಿಯ ಪಟ್ಟಿ ಹಾಕಬೇಡ ಎಂದು ಹೊಸಬರಿಗೆ ಮೊದಲ ದಿನವೇ ಹೇಳಿಕೊಡುತ್ತಿದ್ದವನು ಅವನು. ಹನ್ನೊಂದು ದಿನ ಕೂತು ಒಂದೇ ಪಾಳಿಯ ಪಟ್ಟಿ ಹಾಕಿದ್ದ. ಅವನ ಹದಿನೈದು ಗಂಟೆಯಷ್ಟೂ ಅವಳ ರಾತ್ರಿಗಳ ಮೇಲೆ ನಿಂತಿತ್ತು. ನಾಚಿಕೆಯಿಂದ ಮುಖ ಬಿಸಿಯಾಯಿತು.

"ಸರಿ, ಬಿಟ್ಬಿಡ್ತೀನಿ."

"ಧಾರಾಳ ತೋರಿಸ್ಬೇಡಿ!" ಅವಳು ರೇಗಿದಳು. "ನಾನೇನು ಬೇಡ ಅಂದ್ನಾ? ಆಮೇಲೆ ನಾಲ್ಕು ವರ್ಷ ಮುಖ ಊದಿಸ್ಕೊಂಡು ಓಡಾಡ್ತೀರಿ, ನಾನು ನೋಡ್ಬೇಕು." ಎದ್ದು ಬ್ಯಾಗು ಹೆಗಲಿಗೇರಿಸಿದಳು. "ಮನಸ್ಸು ಬದಲಾದ್ರೆ ಹೇಳು, ಇವತ್ತು ಸಂಜೆವರೆಗೂ ಆ ಜಾಗ ಬೇರೆಯವ್ರಿಗೆ ಕೊಡಲ್ಲ ಅಂದಿದ್ದಾರೆ ಹಿರಿಯಕ್ಕ. ಸುಮ್ನೆ ಹೇಳ್ದೆ. ನಾನೇನೂ ಕೇಳ್ತಿಲ್ಲ."

ಅವಳು ಕೇಳಿದ್ದರೆ ಜಗಳವಾಡಬಹುದಿತ್ತು.

ದಿನವಿಡೀ ಅವನ ಕೈಗೆ ಕೆಲಸ ಹತ್ತಲಿಲ್ಲ. ಬೆಳಗಿನ ಆರರ ಪಾಳಿಗೆ ತಾನು ಹೋದರೆ ಮೂರರೊಳಗೆ ಮನೆ ಸೇರಬಹುದು, ಅಡುಗೆ ಮಾಡಬಹುದು, ಮಗಳನ್ನು ಓದಿಸಬಹುದು. ಅಷ್ಟು ಮಾಡಿ ಮೈ ನೆಲಕ್ಕಿಟ್ಟರೆ ಬಸ್ಸಿನ ಐದರ ಮೇಲೆ ಉಳಿಯುವುದು ವಾರಕ್ಕೆ ಎರಡೋ ಮೂರೋ ಗಂಟೆ. ಎಷ್ಟು ಸಲ ಕೂಡಿ ಕಳೆದರೂ ಹದಿನೈದು ಆಗಲಿಲ್ಲ. ನಾಲ್ಕೂವರೆಗೆ ಉಗ್ರಾಣದ ಹಿಂದೆ ನಿಂತು ವಿಶ್ವವಿದ್ಯಾಲಯಕ್ಕೆ ಫೋನು ಮಾಡಿ, ಈ ಸಲ ಅರ್ಜಿ ಕೊಡುತ್ತಿಲ್ಲ, ಮುಂದಿನ ವರ್ಷಕ್ಕೆ ಸೀಟು ಇಡಬಹುದೇ ಎಂದು ಕೇಳಿದ.

"ಸೀಟು ಕಾದಿರಿಸೋಕಾಗಲ್ಲ ಸಾರ್," ಎಂದಳು ಕಚೇರಿಯ ಹುಡುಗಿ. "ಮುಂದೆ ಬೇಕಾದ್ರೆ ಮೊದಲಿಂದ ಅರ್ಜಿ ಹಾಕ್ಬೇಕು. ಕಾರಣ ಏನಂತ ಬರ್ಕೊಳ್ಳಲಿ?"

"ಪಟ್ಟಿ ತಪ್ಪಾಗಿ ಹಾಕಿದ್ದೆ ಅಂತ ಬರ್ಕೊಳ್ಳಮ್ಮ."

"ಅಂಥ ಕಾಲಂ ಇಲ್ಲ ಸಾರ್."

"ಹಾಗಾದ್ರೆ ಇರೋದ್ರಲ್ಲೇ ಯಾವುದಕ್ಕಾದ್ರೂ ಗುರುತು ಹಾಕು."

ಆಮೇಲೆ ಮನೆಗೆ ಮಾಡಿದ. "ಹಿರಿಯಕ್ಕನಿಗೆ ಹೂಂ ಅಂತ ಹೇಳಿಬಿಡು. ನಾನು ಆರರ ಪಾಳಿಗೆ ಹೋಗ್ತೀನಿ."

"ಬೇಜಾರಾಯ್ತಾ ರೀ?" ಎಂದಳು ಆ ಕಡೆಯಿಂದ.

"ಛೆ, ಛೆ. ಎಲ್ಲ ಸರಿ."

ಸಂಜೆ ಮನೆಗೆ ಬಂದಾಗ ಅವಳು ಹೊರಟಾಗಿತ್ತು. ಮಗಳಿಗೆ ಊಟ ಹಾಕಿ, ಪಾತ್ರೆ ತೊಳೆದು, ನೋಟ್‌ಬುಕ್ ತೆರೆದ. ಮಗಳ ಗಣಿತದ ಪರೀಕ್ಷೆ ಸೋಮವಾರ ಎಂದು ಬರೆದ. ಮುಂದಿನ ಸಾಲಿನಲ್ಲಿ ಪೆನ್ನು ತನ್ನಷ್ಟಕ್ಕೆ 'ಎಲ್ಲ ಸ' ಎಂದು ಗೀಚಿತು. ಅದನ್ನು ನೋಡುತ್ತ ಕೂತ, ಆಮೇಲೆ ಹೊಡೆದು ಹಾಕಿದ. 'ಮಾಡಿದ್ದು ಸರಿ. ಆದರೆ ನಾನು ಸರಿಯಿಲ್ಲ. ತುಂಬಾ ಆಸೆ ಇತ್ತು. ಅಳು ಬರ್ತಿದೆ' ಎಂದು ಬರೆದು, ಓದಿದರೆ ಹರಿದು ಹಾಕಿಯೇನೆಂದು ಓದದೆ ಮುಚ್ಚಿಟ್ಟ.

ಶನಿವಾರ ರಜೆ. ಎದ್ದಾಗ ಗಂಟೆ ಎಂಟಾಗಿತ್ತು. ಬಾಗಿಲಲ್ಲಿ ಅವಳ ಚಪ್ಪಲಿಯಿತ್ತು, ಒಳಗಿನ ಕೋಣೆ ಮುಚ್ಚಿತ್ತು. ಸಪ್ಪಳವಾಗದಂತೆ ತುದಿಗಾಲಲ್ಲಿ ಅಡುಗೆಮನೆಗೆ ಹೋಗಿ ನೋಟ್‌ಬುಕ್ ತೆರೆದ. ಅವನ ಸಾಲಿನ ಕೆಳಗೆ ಅವಳ ಅಕ್ಷರವಿತ್ತು. 'ಓದಿದೆ. ನನ್ನನ್ನು ಎಬ್ಬಿಸಿ.'

ಮುಚ್ಚಿದ ಬಾಗಿಲ ಮುಂದೆ ಹೋಗಿ ನಿಂತ. ಆರು ವರ್ಷದ ಅಭ್ಯಾಸ, ಕೈ ಏಳಲಿಲ್ಲ. ಆಮೇಲೆ ತಟ್ಟಿದ.